ಉಳಿಸಿಟ್ಟದ್ದು ಕೇಳಿದಾಗ ಕೈಗೆ ಸಿಗಬೇಕಾದರೆ

ಕೆಲವು ತಿಂಗಳುಗಳ ಹಿಂದೆ ಗೆಳೆಯರೊಬ್ಬರು ಫೋನು ಮಾಡಿ ‘ಬಿತ್ತುವಟ್ಟ’ ಎಂದರೇನು ಎಂದು ಕೇಳಿದರು. ಕರ್ನಾಟಕದ ಕೆರೆಗಳ ಬಗ್ಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಹತ್ತು ವರ್ಷಗಳಿಂದ ಕೂಡಿಹಾಕುತ್ತಿರುವ ನನಗೆ ಅದು ಗೊತ್ತಿರಬೇಕಾದ ಮಾತೇ. ಕೆರೆಯನ್ನು ಕಟ್ಟಿಸಿದವರಿಗೋ ಅದನ್ನು ಕಾಪಾಡಿಕೊಂಡು ಬರುವವರಿಗೋ ಬಿಟ್ಟುಕೊಟ್ಟ ಭೂಮಿ ಎಂದು ನೆನಪಿನಿಂದಲೇ ಹೇಳಿದೆ. ಯಾವ ಶಾಸನದಲ್ಲಿ ಬರುತ್ತದೆ ಎಂದು ಅವರು ಮರುಪ್ರಶ್ನೆ ಹಾಕಿದಾಗ ಮಾತ್ರ ಬಾಯಿ ಕಟ್ಟಿತು. ಉತ್ತರ ನನ್ನ ಬಳಿ ಇದೆ ಎಂಬುದು ಖಚಿತವಾಗಿ ಗೊತ್ತಿತ್ತು. ಅದು ವಾಟ್ಸ್ಆ್ಯಪ್‌ನಲ್ಲಿದೆಯೋ, ಇಮೇಲ್‌ನಲ್ಲಿದೆಯೋ, ಫೋನಿನ ಫೋಟೊಗಳ ನಡುವೆ ಇದೆಯೋ ಎಂಬುದು ಗೊತ್ತಿರಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ಒಂದೇ ಪುಟದ ಮೂರು ಸ್ಕ್ರೀನ್‌ಶಾಟ್‌ಗಳು ಸಿಕ್ಕವು. ಮೂರರಲ್ಲಿಯೂ ಪುಸ್ತಕದ ಹೆಸರು ಕತ್ತರಿಸಿಹೋಗಿತ್ತು.

ಆ ಎರಡು ಸಂಜೆಗಳ ಬಳಿಕ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗಳು ಕೆರೆಗಳಿಗೆ ಸಂಬಂಧಿಸಿದವಾದರೂ, ಅಡುಗೆ, ತೋಟಗಾರಿಕೆ, ಕಾನೂನು, ಸಂಗೀತ ಮುಂತಾದ ಯಾವುದೇ ವಿಷಯದಲ್ಲಿ ವರ್ಷಗಟ್ಟಲೆ ಸಂಗ್ರಹಿಸುವವರಿಗೆ ಇದು ಹೊಂದುತ್ತದೆ. ಇಡೀ ಕ್ರಮ ನಿಂತಿರುವುದು ಒಂದೇ ತಿಳಿವಳಿಕೆಯ ಮೇಲೆ: ಮಾಹಿತಿಯನ್ನು ಇಡುವಾಗ ಅದು ಎಲ್ಲಿಂದ ಬಂತು ಎಂದು ನೋಡಿ ಇಡಬಾರದು, ಮುಂದೆ ಯಾವ ಪ್ರಶ್ನೆ ಎದುರಾದಾಗ ಅದನ್ನು ಹುಡುಕುತ್ತೇವೆ ಎಂದು ಯೋಚಿಸಿ ಇಡಬೇಕು.

ಹಳೆಯ ರಾಶಿ ಅಟ್ಟಕ್ಕೆ ಹೋಗಲಿ

ಹೊಸ ವ್ಯವಸ್ಥೆ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲ ಭಾನುವಾರವೇ ಹಳೆಯ ನಾಲ್ಕು ಸಾವಿರ ಕಡತಗಳನ್ನು ವಿಂಗಡಿಸಲು ಕೂರುತ್ತಾರೆ, ಮುನ್ನೂರನೆಯದಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ಕೈಬಿಡುತ್ತಾರೆ. ಆ ತಪ್ಪನ್ನು ಮಾಡಬೇಡಿ. ಕಂಪ್ಯೂಟರಿನಲ್ಲಿ ‘ಅಟ್ಟ’ ಎಂಬ ಒಂದು ಫೋಲ್ಡರ್ ಮಾಡಿ, ಇದುವರೆಗೆ ಕೂಡಿಟ್ಟದ್ದನ್ನೆಲ್ಲ ಹೇಗಿದೆಯೋ ಹಾಗೆಯೇ ಅದರೊಳಗೆ ಹಾಕಿ, ಫೋಲ್ಡರಿನ ಹೆಸರಿನಲ್ಲಿ ಆ ದಿನದ ದಿನಾಂಕವನ್ನು ಬರೆಯಿರಿ. ಅಟ್ಟದಲ್ಲಿರುವ ವಸ್ತುವನ್ನು ಬೇಕೆಂದಾಗ ಮಾತ್ರ ಕೆಳಗಿಳಿಸುವುದು ಮನೆಯ ರೂಢಿ. ಇಲ್ಲಿಯೂ ಅದೇ ಸಾಕು. ಯಾವುದೋ ಕೆಲಸಕ್ಕೆ ಹುಡುಕಿ ತೆಗೆದ ಕಡತವನ್ನು ಮತ್ತೆ ಅಟ್ಟಕ್ಕೆ ಹಾಕದೆ, ಹೊಸ ಕ್ರಮದಂತೆ ಹೆಸರಿಟ್ಟು ಹೊಸ ಜಾಗದಲ್ಲಿ ಇಡಿ. ಉಳಿದದ್ದು ಅಲ್ಲಿಯೇ ಧೂಳು ಹಿಡಿದರೂ ನಷ್ಟವಿಲ್ಲ.

ಅಟ್ಟದ ಜೊತೆಗೆ ಇನ್ನು ಮೂರು ಫೋಲ್ಡರುಗಳು ಬೇಕು. ಹೊಸದಾಗಿ ಬಂದದ್ದೆಲ್ಲ ಮೊದಲು ಕೂರುವ ಜಾಗವನ್ನು ನಾನು ‘ಜಗುಲಿ’ ಎಂದು ಕರೆಯುತ್ತೇನೆ. ಬೇರೆಯವರು ಬರೆದದ್ದು, ಅಂದರೆ ಲೇಖನ, ಪಿಡಿಎಫ್, ಫೋಟೊ, ಧ್ವನಿಮುದ್ರಣ ಇತ್ಯಾದಿ, ‘ಮೂಲ’ದಲ್ಲಿ ಇರುತ್ತದೆ. ನಾನೇ ಬರೆದದ್ದು ‘ಟಿಪ್ಪಣಿ’ಯಲ್ಲಿ ಇರುತ್ತದೆ. ಈ ಎರಡನ್ನು ಎಂದಿಗೂ ಬೆರೆಸಬಾರದು, ಏಕೆಂದರೆ ಐದು ವರ್ಷಗಳ ನಂತರ ಒಂದು ವಾಕ್ಯವನ್ನು ಓದುವಾಗ ಅದು ವಿದ್ವಾಂಸರೊಬ್ಬರ ಮಾತೋ ನಮ್ಮದೇ ಊಹೆಯೋ ಎಂದು ತಿಳಿಯದೆ ಹೋದರೆ ಇಡೀ ಸಂಗ್ರಹದ ಮೇಲಿನ ನಂಬಿಕೆ ಹೋಗುತ್ತದೆ.

ಜಗುಲಿ ಒಂದೇ ಇರಬೇಕು ಎಂಬುದು ಮುಖ್ಯ. ವಾಟ್ಸ್ಆ್ಯಪ್‌ನಲ್ಲಿ ನಕ್ಷತ್ರ ಹಾಕಿದ್ದು, ಬ್ರೌಸರಿನಲ್ಲಿ ತೆರೆದೇ ಬಿಟ್ಟ ಎಂಬತ್ತು ಪುಟಗಳು, ಯೂಟ್ಯೂಬ್‌ನಲ್ಲಿ ಮುಂದೆ ನೋಡಲೆಂದು ಸೇರಿಸಿದ್ದು, ಇವೆಲ್ಲ ಬೇರೆಬೇರೆ ಜಗುಲಿಗಳು. ಅವುಗಳಲ್ಲಿ ಉಳಿಸಿಕೊಳ್ಳಬೇಕೆನಿಸಿದ್ದನ್ನು ಅಂದೇ ಒಂದು ಕಡೆಗೆ ಕಳುಹಿಸಿ.

ಉಳಿಸುವ ಕ್ಷಣದಲ್ಲಿ ಒಂದು ಸಾಲು

ಜಗುಲಿಗೆ ಬರುವ ಪ್ರತಿಯೊಂದಕ್ಕೂ ಮೂರು ಸಂಗತಿಗಳನ್ನು ಆಗಲೇ ಬರೆದಿಡಬೇಕು: ಎಲ್ಲಿಂದ ಬಂತು, ಯಾವ ದಿನ ಸಿಕ್ಕಿತು, ಏಕೆ ಉಳಿಸಿದೆ. ಮೊದಲನೆಯದರಲ್ಲಿ ಲೇಖಕರ ಹೆಸರು, ಪುಸ್ತಕದ ಅಥವಾ ಪತ್ರಿಕೆಯ ಹೆಸರು, ಪುಟಸಂಖ್ಯೆ ಇರಬೇಕು. ಫೋಟೊ ತೆಗೆಯುವುದಾದರೆ ಬೇಕಾದ ಪುಟದ ಹಿಂದೆಯೇ ಪುಸ್ತಕದ ಶೀರ್ಷಿಕೆಯ ಪುಟವನ್ನೂ ತೆಗೆಯುವ ಅಭ್ಯಾಸ ಮಾಡಿಕೊಂಡರೆ ನನಗಾದ ಪೇಚು ನಿಮಗೆ ಆಗುವುದಿಲ್ಲ.

ಮೂರನೆಯದೇ ಹೆಚ್ಚು ಬೆಲೆಯುಳ್ಳದ್ದು, ಜನ ಹೆಚ್ಚಾಗಿ ಬಿಡುವುದೂ ಅದನ್ನೇ. ‘ಕೆರೆಯ ಬಗ್ಗೆ ಒಳ್ಳೆಯ ಲೇಖನ’ ಎಂದು ಬರೆದರೆ ಏನೂ ಬರೆಯದಿದ್ದಂತೆ. ‘ನೀರುಗಂಟಿ ತೂಬನ್ನು ಯಾವ ಸರದಿಯಲ್ಲಿ ತೆರೆಯುತ್ತಿದ್ದ ಎಂಬ ವಿವರ ಎರಡನೆಯ ಭಾಗದಲ್ಲಿದೆ; ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಹೇಗೆ ಮುಟ್ಟುತ್ತಿತ್ತು ಎಂಬ ನನ್ನ ಪ್ರಶ್ನೆಗೆ ಉತ್ತರ’ ಎಂದು ಬರೆದರೆ, ಆ ಲೇಖನವನ್ನು ಮತ್ತೆ ಓದದೆಯೇ ಅದರ ಉಪಯೋಗ ತಿಳಿಯುತ್ತದೆ. ಇಂಥ ಸಾಲನ್ನು ಬರೆಯಲು ಒಂದು ನಿಮಿಷವೂ ಬೇಡ. ಬರೆಯಲು ಏನೂ ತೋಚದಿದ್ದರೆ ಆ ಲೇಖನವನ್ನು ಉಳಿಸುವ ಅಗತ್ಯವಿಲ್ಲ ಎಂದೇ ತಿಳಿಯಬಹುದು. ನನ್ನ ಜಗುಲಿಯಿಂದ ಅರ್ಧಕ್ಕರ್ಧ ಸಾಮಗ್ರಿ ಹೊರಗೆ ಹೋಗುವುದು ಈ ಪರೀಕ್ಷೆಯಲ್ಲಿಯೇ.

ವಿಳಾಸ ಒಂದು, ದಾರಿಗಳು ಹಲವು

ಕಪಾಟಿನಲ್ಲಿರುವ ಪುಸ್ತಕ ಒಂದು ಕಡೆ ಮಾತ್ರ ನಿಲ್ಲಬಲ್ಲದು, ಆದರೆ ಅದರೊಳಗಿನ ವಿಷಯ ಹಲವು ಕಡೆಗೆ ಸೇರಿರುತ್ತದೆ. ಈ ತೊಡಕಿನ ಬಗ್ಗೆ ನಮ್ಮ ದೇಶದಲ್ಲಿ ಎಲ್ಲರಿಗಿಂತ ಆಳವಾಗಿ ಯೋಚಿಸಿದವರು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್. ಮದ್ರಾಸಿನಲ್ಲಿ ಗ್ರಂಥಪಾಲಕರಾಗಿದ್ದಾಗ 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪುಸ್ತಕ ವಿಂಗಡಣೆಯ ಪದ್ಧತಿಯನ್ನು ಪ್ರಕಟಿಸಿದ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಇಲ್ಲಿ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯ ಪಟ್ಟಿಗಳು ಮತ್ತು ತಿರುಪುಗಳಿಂದ ಬೇಕಾದ ಆಕಾರವನ್ನೆಲ್ಲ ಕಟ್ಟುವುದನ್ನು ಕಂಡಾಗ ಈ ಪದ್ಧತಿಯ ಹೊಳಹು ಸಿಕ್ಕಿತೆಂಬುದು ಅವರ ಬಗ್ಗೆ ಪ್ರಸಿದ್ಧವಾದ ಕಥೆ. ಪ್ರತಿ ವಿಷಯಕ್ಕೂ ಮೊದಲೇ ಒಂದು ಪೆಟ್ಟಿಗೆ ಮಾಡಿಡುವ ಬದಲು, ವಿಷಯವನ್ನು ಮುಖಗಳಾಗಿ ಬಿಡಿಸಿ ಬೇಕಾದಂತೆ ಜೋಡಿಸುವುದು ಅದರ ಸಾರ. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳನ್ನು ಅವರು ಗುರುತಿಸಿದ್ದರು.

ಮನೆಯ ಮಟ್ಟಿಗೆ ಐದೂ ಬೇಡ. ಯಾವ ವಸ್ತು, ಏನು ಕ್ರಿಯೆ, ಎಲ್ಲಿ, ಯಾವಾಗ ಎಂಬ ನಾಲ್ಕು ಸಾಕು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಅಥವಾ ಸೂಳೆಕೆರೆಯ ಹೂಳಿನ ಕುರಿತ ವರದಿಯೊಂದು ಸಿಕ್ಕಿತೆಂದುಕೊಳ್ಳಿ. ಅದರ ಮೇಲೆ ‘ಕೆರೆ’, ‘ಹೂಳೆತ್ತುವಿಕೆ’, ‘ಚನ್ನಗಿರಿ’ ಎಂಬ ಪಟ್ಟಿಪದಗಳನ್ನೂ (ಟ್ಯಾಗ್‌ಗಳನ್ನೂ) ವರದಿಯ ವರ್ಷವನ್ನೂ ಬರೆದರೆ, ಮುಂದೆ ಹೂಳಿನ ಬಗ್ಗೆ ಯೋಚಿಸುವಾಗಲೂ ಚನ್ನಗಿರಿಗೆ ಹೊರಟಾಗಲೂ ಅದು ಎದುರಿಗೆ ಬರುತ್ತದೆ. ಇದೇ ವರದಿಯನ್ನು ‘ಪಿಡಿಎಫ್‌ಗಳು’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದರೆ, ಅದರ ಬಗ್ಗೆ ತಿಳಿಯುತ್ತಿದ್ದದ್ದು ಅದು ಪಿಡಿಎಫ್ ಎಂಬುದಷ್ಟೆ. ಪಟ್ಟಿಪದಗಳ ಸಂಖ್ಯೆಯನ್ನು ಹಿಡಿತದಲ್ಲಿಡಿ. ‘ಹೂಳು’, ‘ಹೂಳೆತ್ತುವುದು’, ‘ಹೂಳು ತೆಗೆಯುವಿಕೆ’ ಎಂಬ ಮೂರೂ ನಿಮ್ಮಲ್ಲಿದ್ದರೆ ಮೂರರಲ್ಲಿ ಒಂದೂ ಕೆಲಸಕ್ಕೆ ಬಾರದು. ಒಂದನ್ನು ಆರಿಸಿಕೊಂಡು, ಆರಿಸಿದ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ದಾರಿಗಳು ಹಲವಿದ್ದರೂ ವಿಳಾಸ ಒಂದೇ ಇರಬೇಕು, ಅದು ಎಂದೂ ಬದಲಾಗಬಾರದು. ‘ಮೂಲ’ಕ್ಕೆ ಸೇರುವ ಪ್ರತಿ ಕಡತಕ್ಕೂ ನಾನು ಒಂದು ಕ್ರಮಸಂಖ್ಯೆ ಕೊಡುತ್ತೇನೆ: 0001, 0002 ಹೀಗೆ. ಮುಂದಿನ ಸೊನ್ನೆಗಳಿಲ್ಲದಿದ್ದರೆ ಹಲವು ಕಡೆ 2ರ ಮೊದಲು 10 ಬಂದು ಕೂರುತ್ತದೆ. ಶಾಸನಗಳನ್ನು ಓದುವವರಿಗೆ ಈ ವಿಳಾಸದ ಮಹತ್ವವನ್ನು ಬೇರೆ ಹೇಳಬೇಕಿಲ್ಲ. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾಗಿ ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಹೊರಬಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳನ್ನು ಜಿಲ್ಲೆ, ತಾಲ್ಲೂಕುಗಳಂತೆ ಜೋಡಿಸಿ ಸಂಖ್ಯೆ ಕೊಟ್ಟಿದ್ದರಿಂದಲೇ, ತಾಲ್ಲೂಕಿನ ಹೆಸರನ್ನೂ ಒಂದು ಸಂಖ್ಯೆಯನ್ನೂ ಹೇಳಿದರೆ ಇಂದಿಗೂ ಶಾಸನ ಸಿಗುತ್ತದೆ. ಹಾಗೆಯೇ ವಿಳಾಸ ಬದಲಾದರೆ ಆಗುವ ಗೊಂದಲಕ್ಕೂ ಅಲ್ಲಿಯೇ ಉದಾಹರಣೆಯಿದೆ: ಹಳೆಯ ಆವೃತ್ತಿಯಲ್ಲಿ 9ನೆಯ ಸಂಪುಟ ಬೆಂಗಳೂರಿನದು, ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರಿನದು, ಯಾವ ಆವೃತ್ತಿ ಎಂದು ಬರೆಯದ ಅಡಿಟಿಪ್ಪಣಿ ಓದುಗನನ್ನು ಬೇರೆ ಜಿಲ್ಲೆಗೆ ಕಳುಹಿಸಿಬಿಡುತ್ತದೆ. ಆದ್ದರಿಂದ ಒಮ್ಮೆ ಕೊಟ್ಟ ಸಂಖ್ಯೆಯನ್ನು ತಿದ್ದಬೇಡಿ. ಕಡತವನ್ನು ಅಳಿಸಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ.

ಕಡತದ ಹೆಸರು ಕನ್ನಡದಲ್ಲಿದ್ದರೆ ಒಂದು ಮಿತಿಯನ್ನು ನೆನಪಿಡಬೇಕು. ಆಂಡ್ರಾಯ್ಡ್ ಮತ್ತು ಲಿನಕ್ಸ್‌ಗಳಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟ್‌ಗಳನ್ನು ಮೀರುವಂತಿಲ್ಲ, ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಗೊತ್ತುಮಾಡಿರುವ ಮಾನಕ) ಕನ್ನಡದ ಪ್ರತಿ ಸಂಕೇತಕ್ಕೆ ಅಲ್ಲಿ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ ಒಳಗೆ ಆರು ಸಂಕೇತ, ಹದಿನೆಂಟು ಬೈಟ್. ಕಂಪ್ಯೂಟರಿನಲ್ಲಿ ಸರಾಗವಾಗಿ ಕೂತ ಉದ್ದನೆಯ ಹೆಸರು ಫೋನಿಗೆ ನಕಲಾಗದೆ ಉಳಿಯುವುದಕ್ಕೆ ಹಲವು ಸಲ ಇದೇ ಕಾರಣ. ಸಂಖ್ಯೆ, ವರ್ಷ, ನಾಲ್ಕು ಪದ, ಇಷ್ಟರಲ್ಲಿ ಹೆಸರು ಮುಗಿಯಲಿ.

ಕನ್ನಡದಲ್ಲಿ ಹುಡುಕುವ ಕಷ್ಟ

ಹುಡುಕುವ ಸೌಲಭ್ಯ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಇಂಗ್ಲಿಷಿನಲ್ಲಿಯೇ ಬರೆದು ಇಂಗ್ಲಿಷಿನಲ್ಲಿಯೇ ಹುಡುಕುವವರ ಮಟ್ಟಿಗೆ ಆ ಮಾತು ಸ್ವಲ್ಪ ದೂರ ನಡೆಯುತ್ತದೆ. ಕನ್ನಡದಲ್ಲಿ ಸಂಗ್ರಹಿಸುವವರು ಮಾತ್ರ ಹುಡುಕುವಿಕೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಇದನ್ನು ತುಸು ವಿವರವಾಗಿಯೇ ನೋಡಬೇಕು.

ಮೊದಲ ತೊಡಕು ಫಾಂಟಿನದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳು ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಅಂಥ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಅರ್ಥವಿಲ್ಲದ ಚಿಹ್ನೆಗಳ ಸಾಲು ಬಂದರೆ ಆ ಕಡತ ಯಾವ ಕನ್ನಡ ಹುಡುಕಾಟಕ್ಕೂ ಸಿಗುವುದಿಲ್ಲ ಎಂದರ್ಥ. ಅದನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಇಡೀ ಕಡತವನ್ನು ಬದಲಿಸಲು ಪುರಸತ್ತಿಲ್ಲದಿದ್ದರೆ, ಅದರ ಜೊತೆಗೆ ನಿಮ್ಮ ಒಂದು ಸಾಲನ್ನು ಯುನಿಕೋಡ್‌ನಲ್ಲಿ ಬರೆದಿಡುವುದಂತೂ ಕಡ್ಡಾಯ.

ಫೋಟೊಗಳ ಪಾಡೂ ಇಂಥದ್ದೇ. ಗೂಗಲ್ ಡ್ರೈವ್‌ಗೆ ಹಾಕಿದ ಚಿತ್ರವನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದರಲ್ಲಿನ ಕನ್ನಡ ಪಠ್ಯವನ್ನು ಯಂತ್ರವೇ ಓದಿ ಕೊಡುತ್ತದೆ; ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್ ಸಹ ಕನ್ನಡವನ್ನು ಓದುತ್ತದೆ. ಒತ್ತಕ್ಷರಗಳಲ್ಲಿ, ಪ-ಷ, ಘ-ಫಗಳಂಥ ಜೋಡಿಗಳಲ್ಲಿ ತಪ್ಪುಗಳು ಬಂದೇ ಬರುತ್ತವೆ. ಎಲ್ಲವನ್ನೂ ತಿದ್ದಲು ಹೋಗದೆ ಊರಿನ ಹೆಸರು, ವ್ಯಕ್ತಿಯ ಹೆಸರು, ಪಾರಿಭಾಷಿಕ ಪದ, ಇಸವಿ ಇವಿಷ್ಟನ್ನು ಸರಿಪಡಿಸಿದರೆ ಸಾಕು, ನೀವು ಮುಂದೆ ಹುಡುಕುವುದು ಅವನ್ನೇ.

ಎರಡನೆಯದು ನಮ್ಮ ವ್ಯಾಕರಣದಿಂದಲೇ ಹುಟ್ಟುವ ತೊಡಕು. ‘ತೂಬು’ ಎಂದು ಹುಡುಕಿದರೆ ‘ತೂಬಿನ’, ‘ತೂಬಿಗೆ’ ಸಿಗುವುದಿಲ್ಲ, ಏಕೆಂದರೆ ಉಕಾರ ಹೋಗಿ ಇಕಾರ ಬಂದಿರುತ್ತದೆ. ಕೊನೆಯ ಸ್ವರವನ್ನು ಬಿಟ್ಟು ‘ತೂಬ’ ಎಂದು ಹುಡುಕಿದರೆ ಪದದ ಭಾಗವನ್ನು ಹುಡುಕಿಕೊಡುವ ಆ್ಯಪ್‌ಗಳಲ್ಲಿ ಎಲ್ಲ ರೂಪಗಳೂ ಸಿಗುತ್ತವೆ. ‘ನೀರು’ ಬದಲು ‘ನೀರ’, ‘ಕಾಡು’ ಬದಲು ‘ಕಾಡ’ ಎಂದು ಕೊಡುವುದೂ ಹೀಗೆಯೇ. ಆದೇಶ ಸಂಧಿಯ ಮುಂದೆ ಈ ಉಪಾಯವೂ ಸೋಲುತ್ತದೆ. ‘ಕೊಡಗೆ’ (ದಾನವಾಗಿ ಕೊಟ್ಟ ಭೂಮಿ) ಎಂದು ಹುಡುಕಿದರೆ ‘ಕಟ್ಟುಕೊಡಗೆ’ ಸಿಕ್ಕೀತು, ‘ಕೆರೆಗೊಡಗೆ’ ಸಿಗದು, ಕಕಾರ ಗಕಾರವಾಗಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಂಧಿಗಳು ಇಷ್ಟು ವರ್ಷಗಳ ಮೇಲೆ ಹೀಗೆ ಉಪಯೋಗಕ್ಕೆ ಬಂದಾವು ಎಂದು ನಾನಂತೂ ಎಣಿಸಿರಲಿಲ್ಲ. ಶಾಸನಗಳ ಪಾಠವನ್ನು ಇಟ್ಟುಕೊಂಡವರಿಗೆ ಇನ್ನೂ ಒಂದು ಎಚ್ಚರಿಕೆ: ಹಳಗನ್ನಡದಲ್ಲಿ ಈ ಪದ ‘ಕೆಱೆ’. ಶಕಟರೇಫ, ಅಂದರೆ ‘ಱ’, ಬೇರೆಯೇ ಸಂಕೇತವಾದ್ದರಿಂದ ‘ಕೆರೆ’ ಎಂದು ಹುಡುಕಿದರೆ ಆ ಶಾಸನಗಳಲ್ಲಿ ಒಂದೂ ಕಾಣುವುದಿಲ್ಲ.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂದು ಒತ್ತು ಬಾರದಂತೆ ಬರೆಯಲು ನಡುವೆ ಒಂದು ಅದೃಶ್ಯ ಸಂಕೇತವನ್ನು ಹಾಕಬೇಕಾಗುತ್ತದೆ. ಒಬ್ಬರು ಹಾಕಿ ಬರೆದದ್ದನ್ನು ಇನ್ನೊಬ್ಬರು ಹಾಕದೆ ಹುಡುಕಿದರೆ ಹಲವು ಆ್ಯಪ್‌ಗಳು ಎರಡನ್ನೂ ಬೇರೆ ಪದಗಳೆಂದೇ ಎಣಿಸುತ್ತವೆ. ಅಂಕಿಗಳ ಕಥೆಯೂ ಇದೇ: ‘೧೯೮೬’ ಎಂದಿರುವ ಕಡತ ‘1986’ಕ್ಕೆ ಓಗೊಡದು.

ಇವೆಲ್ಲಕ್ಕೂ ನಾನು ಕಂಡುಕೊಂಡ ಮದ್ದು ಒಂದೇ. ಪ್ರತಿ ಟಿಪ್ಪಣಿಯ ಕೊನೆಯಲ್ಲಿ ‘ಬೇರೆ ಹೆಸರು’ ಎಂದು ಬರೆದು, ಆ ಪದದ ಎಲ್ಲ ಕಾಗುಣಿತಗಳನ್ನೂ ಪರ್ಯಾಯಗಳನ್ನೂ ಅಲ್ಲಿ ಕೊಡುವುದು: ಬಿತ್ತುವಟ್ಟ, ಬಿತ್ತುವಟ, ಕಟ್ಟುಕೊಡಗೆ, ಕೆರೆಗೊಡಗೆ, ಕೆರೆ ಮಾನ್ಯ, ಕೆಱೆ. ಓದಲು ಅಂದವಾಗಿರುವುದಿಲ್ಲ, ಆದರೆ ಯಾವ ದಾರಿಯಿಂದ ಬಂದರೂ ಬಾಗಿಲು ತೆರೆಯುತ್ತದೆ.

ನಿಮ್ಮ ಮಾತಿನಲ್ಲಿ ಒಂದು ಚೀಟಿ

‘ಮೂಲ’ದಲ್ಲಿ ಎಷ್ಟೇ ಸೇರಿದರೂ ಅದು ಉಗ್ರಾಣವೇ, ಅಡುಗೆ ಆಗುವುದು ‘ಟಿಪ್ಪಣಿ’ಯಲ್ಲಿ. ಒಂದು ಚೀಟಿಯಲ್ಲಿ ಒಂದೇ ಸಂಗತಿ ಇರಲಿ, ಅದರ ತಲೆಬರಹ ಪೂರ್ಣ ವಾಕ್ಯವಾಗಿರಲಿ. ‘ಬಿತ್ತುವಟ್ಟ’ ಎಂಬ ತಲೆಬರಹಕ್ಕಿಂತ ‘ಕೆರೆಯ ರಿಪೇರಿಯ ಖರ್ಚು ಆ ಕೆರೆಯ ಕೆಳಗಿನ ಭೂಮಿಯಿಂದಲೇ ಹುಟ್ಟುವಂತೆ ಬಿತ್ತುವಟ್ಟ ಏರ್ಪಡಿಸುತ್ತಿತ್ತು’ ಎಂಬ ತಲೆಬರಹ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಅದು ಒಂದು ವಾದ. ಇನ್ನೊಂದು ಸಾಕ್ಷ್ಯ ಸಿಕ್ಕಾಗ ಅದನ್ನು ಒಪ್ಪಬಹುದು ಅಥವಾ ತಿದ್ದಬಹುದು. ಕೆಳಗೆ ನಾಲ್ಕೈದು ಸಾಲಿನ ವಿವರಣೆ, ಆಧಾರವಾದ ಮೂಲದ ಕ್ರಮಸಂಖ್ಯೆ ಮತ್ತು ಪುಟ, ಸಂಬಂಧಪಟ್ಟ ಬೇರೆ ಚೀಟಿಗಳು. ಸಂಬಂಧ ಹೇಳುವಾಗ ಏನು ಸಂಬಂಧ ಎಂಬುದನ್ನೂ ಬರೆಯಿರಿ. ‘ದಸವಂದದ ಚೀಟಿ ನೋಡಿ’ ಎಂದರೆ ಸಾಲದು. ‘ದಸವಂದದಲ್ಲಿ ಹತ್ತನೆಯ ಒಂದು ಪಾಲು ಎಂಬ ಲೆಕ್ಕವಿದೆ, ಇಲ್ಲಿಯೂ ಅಂಥ ಲೆಕ್ಕವಿತ್ತೇ ಎಂದು ಹೋಲಿಸಬೇಕು’ ಎಂದು ಬರೆದರೆ ಆ ಕೊಂಡಿಯೇ ಮುಂದಿನ ಕೆಲಸವನ್ನು ಹೇಳುತ್ತದೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹೀಗೆ ಕೊಂಡಿ ಹಾಕಿದ ಸುಮಾರು 90,000 ಚೀಟಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡಿದ್ದರು. ಒಂದು ಚೀಟಿಯ ಮಾತು ಮುಂದುವರಿದರೆ 1ರ ಪಕ್ಕದಲ್ಲಿ 1ಎ, 1ಬಿ ಎಂದು ಕೊಂಬೆ ಒಡೆಯುವಂತೆ ಸಂಖ್ಯೆ ಕೊಡುತ್ತಿದ್ದರು. ಅವರ ಹೆಸರಿನಲ್ಲಿ ಇಂದು ನಡೆಯುವ ಉಪದೇಶಗಳನ್ನು ಕೇಳಿ ದಿನಕ್ಕೆ ಇಷ್ಟು ಚೀಟಿ ಎಂದು ಹರಕೆ ಹೊರುವ ಅಗತ್ಯವಿಲ್ಲ. ವಾರಕ್ಕೆ ಎರಡು ಚೀಟಿ ಬರೆದರೂ ವರ್ಷಕ್ಕೆ ನೂರಾಗುತ್ತದೆ, ಯೋಚಿಸಿ ಬರೆದ ನೂರು ಚೀಟಿ ಕಡಿಮೆಯೇನಲ್ಲ. ಮೂವತ್ತು ದಾಟಿದ ಮೇಲೆ ವಿಷಯಕ್ಕೊಂದರಂತೆ ‘ಪ್ರವೇಶ ಚೀಟಿ’ ಮಾಡಿ, ಅದರಲ್ಲಿ ಆ ವಿಷಯದ ಚೀಟಿಗಳ ತಲೆಬರಹಗಳನ್ನು ಓದಲು ಅನುಕೂಲವಾದ ಕ್ರಮದಲ್ಲಿ ಬರೆಯಿರಿ. ಲೇಖನ ಬರೆಯಲು ಕೂತಾಗ ಅದರ ಅರ್ಧ ಕೆಲಸ ಅಲ್ಲಿ ಆಗಿಹೋಗಿರುತ್ತದೆ.

ಯಾವ ಆ್ಯಪ್ ಎಂಬ ಪ್ರಶ್ನೆ

ಇದಕ್ಕೆ ಕೊಡಬೇಕಾದಷ್ಟು ಸಮಯಕ್ಕಿಂತ ಹೆಚ್ಚನ್ನು ಜನ ಕೊಡುತ್ತಾರೆ. ಹಲವು ವೆಬ್ ತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು; ಓದಲೆಂದು ಪುಟಗಳನ್ನು ಕೂಡಿಡುವವರ ಅಚ್ಚುಮೆಚ್ಚಿನ ಪಾಕೆಟ್ 2025ರ ಜುಲೈ 8ರಂದು ನಿಂತಿತು. ಆದ್ದರಿಂದ ಆ್ಯಪ್ ಹೋದರೂ ಕಡತ ಉಳಿಯುತ್ತದೆಯೇ ಎಂಬುದೊಂದನ್ನೇ ನೋಡಿ. ಅಬ್ಸಿಡಿಯನ್‌ನಂಥವು ಟಿಪ್ಪಣಿಗಳನ್ನು ನಿಮ್ಮ ಕಂಪ್ಯೂಟರಿನಲ್ಲಿಯೇ ಸಾದಾ ಪಠ್ಯವಾಗಿ ಇಡುತ್ತವೆ. ಪುಸ್ತಕ, ಪ್ರಬಂಧಗಳ ವಿವರಗಳಿಗೆ ಉಚಿತವಾಗಿ ಸಿಗುವ ಜೊಟೆರೊ ಒಳ್ಳೆಯದು. ಬೇರೆ ಯಾವುದನ್ನೇ ಬಳಸಿದರೂ ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು ನೋಡಿ, ಕನ್ನಡ ಅಕ್ಷರಗಳು ಕೆಡದೆ ಬಂದಿವೆಯೇ ಎಂದು ಪರೀಕ್ಷಿಸಿ. ವೆಬ್ ಪುಟದ ಕೊಂಡಿಯನ್ನಷ್ಟೇ ಉಳಿಸದೆ ಪುಟದ ಪ್ರತಿಯನ್ನೂ ಉಳಿಸಿ, ಜೊತೆಗೆ ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೂ ಸೇರಿಸಿ. ಇಡೀ ಸಂಗ್ರಹದ ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಮನೆಯಿಂದ ಹೊರಗಿರಲಿ. ಆಧಾರ್, ಬ್ಯಾಂಕು, ವೈದ್ಯಕೀಯ ಕಾಗದಗಳನ್ನು ಇದರೊಳಗೆ ತರಲೇಬೇಡಿ; ಅವುಗಳಿಗೆ ಬೀಗವಿರುವ ಬೇರೆ ಜಾಗ ಬೇಕು.

ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಜಗುಲಿಯನ್ನು ಖಾಲಿ ಮಾಡುವುದು ನಿತ್ಯದ ಕೆಲಸ. ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ನಾನು ತಡವಾಗಿ ಕಲಿತ ಇನ್ನೊಂದು ಅಭ್ಯಾಸ. ಏನನ್ನಾದರೂ ಹುಡುಕಿ ಸಿಗದೆ, ಕೊನೆಗೆ ಬೇರೆ ದಾರಿಯಿಂದ ಸಿಕ್ಕಾಗ, ಮೊದಲು ಯಾವ ಪದದಿಂದ ಹುಡುಕಿದ್ದೆನೋ ಆ ಪದವನ್ನೇ ಆ ಚೀಟಿಯ ‘ಬೇರೆ ಹೆಸರು’ ಸಾಲಿಗೆ ಕೂಡಲೇ ಸೇರಿಸುತ್ತೇನೆ. ಬಿತ್ತುವಟ್ಟದ ಚೀಟಿಯಲ್ಲಿ ಈಗ ‘ಕೆರೆ ಕಟ್ಟಿಸಿದವರಿಗೆ ಇನಾಮು’ ಎಂಬ ಮಾತೂ ಇದೆ. ಶಾಸನಗಳಲ್ಲಿ ಅದು ಎಲ್ಲಿಯೂ ಬರುವುದಿಲ್ಲ. ಆ ಸಂಜೆ ನಾನು ಮೊದಲು ಹುಡುಕಿದ್ದು ಮಾತ್ರ ಹಾಗೆಂದೇ.